ನೆಲಕ್ಕೆ ಇಳಿಯದ ಮಂಗ

ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ಒಂದು ಶಾಲೆಯಲ್ಲಿ ಭಾನುವಾರ ಮಧ್ಯಾಹ್ನ ಊರವರೂ ಮಕ್ಕಳೂ ಸೇರಿದ್ದಾಗ ಆಡಿದ ಮಾತು ಇದು. ಬರೆದುಕೊಡಿ ಅಂತ ಕೇಳಿದರು, ಬರೆದಿದ್ದೇನೆ. ಮಾತಾಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ಸರಿಮಾಡಿಕೊಂಡಿದ್ದೇನೆ. ಎಲ್ಲ ಕಡೆಯೂ ಅಲ್ಲ.

ಎಲ್ಲರಿಗೂ ನಮಸ್ಕಾರ.

ಈ ಊರಲ್ಲಿ ಮಂಗನ ಪರವಾಗಿ ಮಾತಾಡಲು ಎದ್ದು ನಿಲ್ಲುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಬಾಳೆಗೊನೆ ಬಲಿಯಲು ಬಿಡುವುದಿಲ್ಲ. ಅಡಿಕೆ ಮಿಳ್ಳೆ ಕಿತ್ತು ಕೆಳಗೆ ಎಸೆಯುತ್ತದೆ. ಹೆಂಚು ಎತ್ತಿ ಮನೆಯೊಳಗೆ ಇಣುಕುತ್ತದೆ. ನಿನ್ನೆ ರಾತ್ರಿ ನಾನು ಉಳಿದುಕೊಂಡ ಮನೆಯ ಅಜ್ಜ ಕವಳ ಹಾಕಿಕೊಳ್ಳುತ್ತ ಕೇಳಿದರು: "ತಮಾ, ನಾಳೆ ಮಂಗ ಓಡಿಸೋ ಉಪಾಯ ಹೇಳ್ತ್ಯಾ, ಸಾಕೋ ಉಪಾಯ ಹೇಳ್ತ್ಯಾ?" ಎರಡೂ ಅಲ್ಲ ಅಜ್ಜಾ, ನಿಮ್ಮ ತೋಟದ ಕಡೆ ತಲೆ ಹಾಕದ ಮಂಗನ ಬಗ್ಗೆ ಹೇಳ್ತೇನೆ ಅಂದೆ. ಅಜ್ಜ ನಕ್ಕುಬಿಟ್ಟರು. ಅಂಥ ಮಂಗ ಅವರ ಲೆಕ್ಕದಲ್ಲಿ ಇರಲಿಲ್ಲ.

ನಮ್ಮ ಕಡೆ ಮೂರು ಬಗೆಯ ಮಂಗಗಳಿವೆ. ಒಂದು, ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರುವ ಕಂದು ಮಂಗ. ದೇವಸ್ಥಾನದ ಬಾಗಿಲಲ್ಲಿ ಹಣ್ಣುಕಾಯಿ ಕಸಿಯುವುದು ಇದೇ. ತೋಟದ ಮುಖ್ಯ ಆರೋಪಿಯೂ ಇದೇ. ಎರಡನೆಯದು ಮುಸುವ. ಕರಿ ಮುಖ, ಬೂದು ಮೈ, ಮೈಗಿಂತ ಉದ್ದದ ಬಾಲ. ಮೂರನೆಯದು ಸಿಂಗಳೀಕ. ಇವತ್ತಿನ ಮಾತೆಲ್ಲ ಅದರದ್ದು.

ಇಲ್ಲಿ ಕೂತವರಲ್ಲಿ ಸಿಂಗಳೀಕ ನೋಡಿದವರು ಎಷ್ಟು ಜನ, ಕೈ ಎತ್ತಿ ಅಂದೆ. ಹತ್ತು ಹನ್ನೆರಡು ಕೈ ಮೇಲೆ ಹೋದವು, ಅದರಲ್ಲಿ ಹೆಚ್ಚಿನವು ಉಪ್ಪಾಗೆ ಎಂಬ ಹುಳಿಹಣ್ಣು ಕೊಯ್ಯಲು ಕಾಡಿಗೆ ಹೋಗುವವರದ್ದು. ಸಂತೋಷ. ಜಗತ್ತಿನಲ್ಲಿ ಈ ಪ್ರಾಣಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು, ಅಷ್ಟೇ. ಎಲ್ಲ ಸೇರಿಸಿದರೂ ಸುಮಾರು 4000 ಇರಬಹುದು ಎಂಬ ಅಂದಾಜಿದೆ. ಅದರಲ್ಲಿ ಮರಿ ಹಾಕುವ ವಯಸ್ಸಿನವು 2500ಕ್ಕಿಂತ ಕಡಿಮೆ. ನಮ್ಮ ಸೀಮೆಯ ದೊಡ್ಡ ಜಾತ್ರೆಗೆ ಒಂದು ಸಂಜೆ ಬರುವ ಜನ ಇದಕ್ಕಿಂತ ಜಾಸ್ತಿ.

ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಕತ್ತಲೆಕಾನಿನಲ್ಲಿ. ಹೆಸರು ಸುಮ್ನೆ ಇಟ್ಟದ್ದಲ್ಲ, ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಸಂಜೆಯ ಹಾಗೇ ಇರುತ್ತದೆ. ಸಿಂಗಳೀಕ ಹುಡುಕಲು ಹೋದವನಲ್ಲ ನಾನು, ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ನೋಡಲು ಹೋಗಿದ್ದೆ. ಮೊಣಕಾಲು ಮಡಚಿದ ಹಾಗೆ ಬೇರುಗಳು ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗೆ ಇಳಿಯುತ್ತವಲ್ಲ, ಅದನ್ನು ನೋಡುತ್ತ ನಿಂತಿದ್ದೆ. ಟಪ್ ಅಂತ ಏನೋ ಭುಜದ ಮೇಲೆ ಬಿತ್ತು. ಬೈನೆ ಹಣ್ಣು, ತಾಳೆಯ ಜಾತಿಯ ಮರದ್ದು. ಎರಡು ನಿಮಿಷದಲ್ಲಿ ಕುತ್ತಿಗೆ ತುರಿಸತೊಡಗಿತು. ಬೈನೆ ಹಣ್ಣಿನ ತುರಿಕೆ ಗೊತ್ತಲ್ಲ ನಿಮಗೆ? ತುರಿಸಿಕೊಳ್ಳುತ್ತ ಮೇಲೆ ನೋಡಿದರೆ ಒಂದು ಕರಿ ಮುಖ, ಅದರ ಸುತ್ತ ಬೂದಿ ಬಣ್ಣದ ಕೂದಲಿನ ಪ್ರಭಾವಳಿ. ನನ್ನನ್ನೇ ನೋಡುತ್ತಿತ್ತು. ನನ್ನ ಕುತ್ತಿಗೆ ಉರಿಯುವಂತೆ ಮಾಡಿದ ಅದೇ ಹಣ್ಣನ್ನು ಒಂದಾದ ಮೇಲೊಂದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಅದಕ್ಕೆ ತುರಿಕೆಯೂ ಇಲ್ಲ, ಏನೂ ಇಲ್ಲ.

ಎರಡು ಕೆನ್ನೆಯೂ ಉಬ್ಬಿದ್ದವು. ಈ ಜಾತಿಯ ಮಂಗಗಳಿಗೆ ಕೆನ್ನೆಯೊಳಗೆ ಚೀಲ ಇರುತ್ತದೆ. ಸಿಕ್ಕಿದ್ದನ್ನು ಮೊದಲು ಅಲ್ಲಿ ತುಂಬಿಕೊಳ್ಳುವುದು, ಆಮೇಲೆ ಆರಾಮಾಗಿ ಬೇರೆ ಕೊಂಬೆಯಲ್ಲಿ ಕೂತು ಒಂದೊಂದೇ ತಿನ್ನುವುದು. ಬೀಜವನ್ನು ದಾರಿಯುದ್ದಕ್ಕೂ ಉಗುಳುತ್ತ ಹೋಗುವುದು. ಕಾಡಿನ ಎಷ್ಟೋ ಮರಗಳು ತಾಯಿಮರದಿಂದ ದೂರ ಹೋಗಿ ಹುಟ್ಟುವುದು ಹೀಗೆ ಉಗುಳಿಸಿಕೊಂಡೇ. ಅವತ್ತು ಅದು ನನ್ನ ಮೇಲೆ ಉಗುಳಿದ ಬೀಜ ಎಲ್ಲಾದರೂ ಹುಟ್ಟಿದ್ದರೆ ಅದರಲ್ಲಿ ನನ್ನದೂ ಒಂದು ಪಾಲು.

ಹೆಸರಿನ ವಿಷಯಕ್ಕೆ ಬರುತ್ತೇನೆ. ಸಿಂಹಬಾಲದ ಕೋತಿ ಅಂತ ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಎಲ್ಲರೂ ಮುಖದ ಸುತ್ತಲಿನ ಕೂದಲು ನೋಡಿ, ಓಹೋ ಸಿಂಹದ ಕೇಸರ, ಅದಕ್ಕೇ ಆ ಹೆಸರು ಅಂದುಕೊಳ್ಳುತ್ತಾರೆ. ಅಲ್ಲ. ಹೆಸರು ಬಂದಿದ್ದು ಬಾಲದಿಂದ. ಬಾಲ ತೀರಾ ಉದ್ದವಿಲ್ಲ, ಒಂದಡಿ ಆಚೀಚೆ. ತುದಿಯಲ್ಲಿ ಸಿಂಹದ ಬಾಲಕ್ಕಿರುವ ಹಾಗೆ ಒಂದು ಕುಚ್ಚು. ಗಂಡಿನದ್ದು ಇನ್ನೂ ದಪ್ಪ ಕುಚ್ಚು. ಮಲಯಾಳಿಗಳೂ ಸಿಂಹವಾಲನ್ ಅಂತಲೇ ಕರೆಯುತ್ತಾರೆ. ಜರ್ಮನರು ಮಾತ್ರ ಮುಖ ನೋಡಿ ಹೆಸರಿಟ್ಟರು, ಅವರ ಭಾಷೆಯಲ್ಲಿ ಇದು ಗಡ್ಡದ ಮಂಗ.

ಹಳೆಯ ಯುರೋಪಿನವರದ್ದು ಇನ್ನೊಂದು ತಮಾಷೆ. ಈ ಪ್ರಾಣಿ ಸಿಂಹಳದ್ದು ಎಂದು ಬಹಳ ಕಾಲ ನಂಬಿದ್ದರು. ವಾಂಡರೂ ಅಂತ ಕರೆಯುತ್ತಿದ್ದರು. ಅದು ಸಿಂಹಳದವರು ತಮ್ಮ ಕಡೆಯ ಮುಸುವಗಳಿಗೆ ಹೇಳುವ ಹೆಸರು, ನಮ್ಮ ವಾನರ ಶಬ್ದದ ನೆಂಟ. ಸಿಂಗಳೀಕ ಸಿಂಹಳದಲ್ಲಿ ಇಲ್ಲವೇ ಇಲ್ಲ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಾಗ ಗ್ರೀಕರ ಪುರಾಣದ ಸೈಲೀನಸ್ ಎಂಬ ಕುಡುಕ ಮುದುಕನ ಹೆಸರು ಹಿಡಿದ. ಇವತ್ತಿಗೂ ಅದು ಮಕಾಕಾ ಸೈಲೀನಸ್. ಬೈನೆ ಹಣ್ಣು ತಿನ್ನುವ ಪ್ರಾಣಿಗೆ ಕುಡುಕನ ಹೆಸರು! ನಮ್ಮ ಕಡೆ ಬೈನೆ ಮರದಿಂದ ಏನು ಇಳಿಸುತ್ತಾರೆ ಅಂತ ನಾನು ಮಕ್ಕಳ ಎದುರು ಹೇಳುವುದಿಲ್ಲ.

ನೆಂಟಸ್ತಿಕೆಯ ಮಾತು ಬಂತಲ್ಲ. ಸಿಂಗಳೀಕನಿಗೆ ಪಕ್ಕದ ತೋಟದ ಕಂದು ಮಂಗ ದೂರದ ನೆಂಟ. ಹತ್ತಿರದ ನೆಂಟರು ಇರುವುದು ಬರ್ಮಾ, ಮಲೇಷ್ಯಾ, ಬೋರ್ನಿಯೋ, ಸುಲಾವೆಸಿಯ ಮಳೆಕಾಡುಗಳಲ್ಲಿ. ಹಂದಿಬಾಲದ ಮಂಗ ಅಂತ ಅಲ್ಲಿ ಒಂದಿದೆ, ಅದು ಇದರ ದಾಯಾದಿ. ಹಿಂದೆ ಯಾವತ್ತೋ ಈ ಕುಲ ಹರಡಿಕೊಂಡಿದ್ದಿರಬೇಕು. ನಡುವಿನ ಕಾಡು ಒಣಗಿದಾಗ ಇತ್ತ ಕಡೆಯ ಕವಲು ನಮ್ಮ ಘಟ್ಟದಲ್ಲಿ ಸಿಕ್ಕಿಹಾಕಿಕೊಂಡಿತು. ಘಟ್ಟದೊಳಗೂ ಪಾಲಾಗಿದೆ. ಕೇರಳದ ಪಾಲಕ್ಕಾಡಿನ ಹತ್ತಿರ ಘಟ್ಟ ಕಡಿದುಹೋಗಿ ದೊಡ್ಡ ಬಯಲು ಬರುತ್ತದಲ್ಲ, ಅದರ ಉತ್ತರದವೂ ದಕ್ಷಿಣದವೂ ಲಕ್ಷಾಂತರ ವರ್ಷಗಳಿಂದ ಬೇರೆ ಬೇರೆ ಎಂದು ಡಿಎನ್ಎ ನೋಡಿದವರು ಹೇಳುತ್ತಾರೆ. ಮರ ಇಲ್ಲದ ಕಡೆ ಈ ಪ್ರಾಣಿ ದಾಟುವುದಿಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಒಳ್ಳೆಯ ಕಾಡಿನಲ್ಲಿ ಸಿಂಗಳೀಕ ನೆಲಕ್ಕೆ ಇಳಿಯುವುದೇ ಇಲ್ಲ ಅನ್ನಬಹುದು. ತಿನ್ನುವುದು, ಮಲಗುವುದು, ಜಗಳವಾಡುವುದು, ಮರಿ ಹಾಕುವುದು ಎಲ್ಲ ಮೇಲೆಯೇ. ಅದಕ್ಕೆ ಕಾಡೆಂದರೆ ಕೊಂಬೆಗೆ ಕೊಂಬೆ ತಾಗಿ ಆದ ಒಂದು ಮೇಲಂತಸ್ತು. ನಾವು ಕೆಳಗೆ ನಿಂತು ನೋಡುವುದು ಆ ಮನೆಯ ನೆಲಮಾಳಿಗೆ.

ಬೆಳಿಗ್ಗೆ ಹಣ್ಣಿನ ಮರಕ್ಕೆ ಹೋಗುತ್ತವೆ. ಆಲ, ಬಸರಿ, ಅತ್ತಿ, ಹಲಸು, ಹೆಬ್ಬಲಸು, ರಾಮಪತ್ರೆ, ಬೈನೆ, ಉಪ್ಪಾಗೆ. ದಕ್ಷಿಣದಲ್ಲಿ, ಆನೈಮಲೈ ಮತ್ತು ಕಳಕ್ಕಾಡು ಕಡೆ, ದುರಿಯನ್ ಜಾತಿಗೆ ಸೇರಿದ ಒಂದು ಮುಳ್ಳುಕಾಯಿಯ ಮರ ಇದೆ, ಮಲಯಾಳದಲ್ಲಿ ವೆಡಿಪ್ಲಾವು ಅನ್ನುತ್ತಾರೆ. ಅಲ್ಲಿನ ಸಿಂಗಳೀಕಕ್ಕೆ ಅದೇ ಮುಖ್ಯ ಊಟ. ಕೊಂಬೆಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುವ ಹೂವನ್ನೂ ತಿನ್ನುತ್ತವೆ, ಕಾಯಿ ಬಿಟ್ಟರೆ ಮುಳ್ಳು ಸೀಳಿ ಬೀಜವನ್ನೂ ತಿನ್ನುತ್ತವೆ. ಹಳೆಯ ಅಧ್ಯಯನಗಳೆಲ್ಲ ದಕ್ಷಿಣದಲ್ಲಿ ನಡೆದವು. ಹಾಗಾಗಿ ಆ ಮರ ಇದ್ದಲ್ಲೇ ಸಿಂಗಳೀಕ ಅನ್ನುವ ಹಾಗೆ ಆಗಿತ್ತು. ನಮ್ಮ ಸಿರಸಿ ಸಿದ್ದಾಪುರದ ಕಡೆ ಆ ಮರವೇ ಇಲ್ಲ. ಆದರೂ ಸಿಂಗಳೀಕ ಇದೆ, ಚೆನ್ನಾಗಿಯೇ ಇದೆ. ಊರಿಗೆ ತಕ್ಕ ಊಟ.

ಹಣ್ಣು ತಿಂದಾದ ಮೇಲೆ ಹುಳದ ಕೆಲಸ. ಇದನ್ನು ನೋಡುವುದೇ ಒಂದು ಚಂದ. ದಿನದ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಗುಂಪು ಅಗಲವಾಗಿ ಹರಡಿಕೊಂಡು ನಿಧಾನವಾಗಿ ಮುಂದೆ ಹೋಗುತ್ತದೆ. ಒಂದು ತೊಗಟೆ ಕೀಳುತ್ತದೆ. ಇನ್ನೊಂದು ಸುರುಳಿಯಾದ ಒಣ ಎಲೆ ಬಿಚ್ಚಿ ನೋಡುತ್ತದೆ, ಇಲ್ಲದಿದ್ದರೆ ಎಸೆದು ಮುಂದಿನದ್ದಕ್ಕೆ ಕೈ ಹಾಕುತ್ತದೆ. ಮತ್ತೊಂದು ಪಾಚಿಯೊಳಗೆ ಬೆರಳಾಡಿಸುತ್ತದೆ. ಕಸದಲ್ಲಿ ಕಳೆದ ಮೂಗುಬೊಟ್ಟು ಹುಡುಕುವವರ ಹಾಗೆ. ಜೇಡ, ಕಡ್ಡಿಹುಳ, ಬಸವನಹುಳ, ಮರಗಪ್ಪೆ, ಹಲ್ಲಿ, ಹಕ್ಕಿಗೂಡಿನ ಮೊಟ್ಟೆ, ಏನು ಸಿಕ್ಕಿದರೂ ಬೇಡ ಎನ್ನುವುದಿಲ್ಲ. ಕೆಂದಳಿಲನ್ನು ಹಿಡಿದು ತಿಂದದ್ದನ್ನೂ ನೋಡಿದವರಿದ್ದಾರೆ.

ಮೈತುಂಬ ಮುಳ್ಳುಕೂದಲಿರುವ ಕಂಬಳಿಹುಳ ಸಿಕ್ಕರೆ? ಅದಕ್ಕೂ ಉಪಾಯ ಇದೆ. ಪಕ್ಕದ ಎಲೆ ಕಿತ್ತು, ಆ ಎಲೆಯಲ್ಲಿ ಹುಳವನ್ನು ಸುತ್ತಿ ಕೊಂಬೆಗೆ ಒತ್ತಿ ಉಜ್ಜಿ, ಕೂದಲು ಹೋದ ಮೇಲೆ ತಿಂದದ್ದನ್ನು ಸಂಶೋಧಕರು ಕಾಡಿನಲ್ಲೇ ನೋಡಿ ದಾಖಲಿಸಿದ್ದಾರೆ. ನಮ್ಮಮ್ಮ ಬಿಸಿ ಪಾತ್ರೆ ಇಳಿಸಲು ಬಾಳೆಲೆ ಚೂರು ಹಿಡಿಯುತ್ತಿದ್ದುದು ನೆನಪಾಯಿತು ನನಗೆ.

ಗುಂಪಿನ ಲೆಕ್ಕ ಹೀಗೆ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು. ದೊಡ್ಡ ಗಂಡು ಹೆಚ್ಚಾಗಿ ಒಂದೇ, ಕೆಲವು ಗುಂಪಿನಲ್ಲಿ ಎರಡು ಮೂರು. ಉಳಿದವು ಹೆಣ್ಣು, ಮರಿಗಳು, ಹರೆಯದವು. ಹುಟ್ಟಿದ ಗುಂಪಿನಲ್ಲೇ ಬಾಳು ಮುಗಿಸುವುದು ಹೆಣ್ಣು. ಗಂಡು ಬೆಳೆದ ಮೇಲೆ ಮನೆ ಬಿಟ್ಟು ಹೊರಡಬೇಕು. ನಮ್ಮಲ್ಲಿಗೆ ಉಲ್ಟಾ, ಅಲ್ವಾ? (ಇಲ್ಲಿ ಹಿಂದಿನ ಬೆಂಚಿನ ಹೆಂಗಸರು ಜೋರಾಗಿ ನಕ್ಕರು.) ದೊಡ್ಡ ಗಂಡು ಎತ್ತರದ ಮರ ಹತ್ತಿ ಹೂಪ್ ಹೂಪ್ ಅಂತ ಕೂಗುತ್ತದೆ. ಆ ಕೂಗು ಕಣಿವೆಯಾಚೆಗೂ ಕೇಳುತ್ತದೆ. ನಮ್ಮ ಗುಂಪು ಇಲ್ಲಿದೆ, ನೀವು ಅತ್ತ ಕಡೆಯೇ ಇರಿ ಅನ್ನುವುದು ಅದರ ಅರ್ಥ. ಗುಂಪಿನ ಒಳಗೆ ಮಾತ್ರ ಸಣ್ಣ ದನಿ. ಎಲೆಗಳ ಮರೆಯಲ್ಲಿ ಒಬ್ಬರಿಗೊಬ್ಬರು ಕಾಣದಿದ್ದಾಗ ಊಂ ಅಂತ ಒಂದು ಕೇಳುತ್ತದೆ, ಊಂ ಅಂತ ಇನ್ನೊಂದು ಉತ್ತರ ಕೊಡುತ್ತದೆ. ಕಾಡಿಗೆ ಹೋದಾಗ ನಾವು ಕೂ ಹಾಕುವುದಿಲ್ಲವೇ, ಹಾಗೆ.

ಮರಿ ಹುಟ್ಟಿದಾಗ ಮುಖ ಕರಿ ಇರುವುದಿಲ್ಲ, ತಿಳಿ ಗುಲಾಬಿ. ಪ್ರಭಾವಳಿಯೂ ಇಲ್ಲ. ಎರಡು ತಿಂಗಳ ಹೊತ್ತಿಗೆ ಕೆನ್ನೆಯ ಸುತ್ತ ಬಿಳಿಗೂದಲು ಮೂಡತೊಡಗುತ್ತದೆ. ಹುಟ್ಟಿದ ಎರಡೇ ತಿಂಗಳಿಗೆ ನೆರೆಗಡ್ಡ!

ಈಗ ಒಂದು ಲೆಕ್ಕ. ಏಳನೇ ಕ್ಲಾಸಿನವರು ಸಹಾಯ ಮಾಡಿ. ಹೆಣ್ಣು ಸಿಂಗಳೀಕ ಕಾಡಿನಲ್ಲಿ ಮೊದಲ ಮರಿ ಹಾಕುವುದು ಸುಮಾರು ಆರೂವರೆ ವರ್ಷಕ್ಕೆ. ಒಂದು ಸಲಕ್ಕೆ ಒಂದೇ ಮರಿ. ಮುಂದಿನ ಮರಿಗೆ ಎರಡೂವರೆ ವರ್ಷ ಕಾಯಬೇಕು, ಕೆಲವೊಮ್ಮೆ ಮೂರು. ಇಪ್ಪತ್ತು ವರ್ಷ ಬದುಕಿತು ಅಂತ ಇಟ್ಟುಕೊಳ್ಳಿ. ಎಷ್ಟು ಮರಿ? ಐದಾರು ಅಂದಿತು ಒಂದು ಹುಡುಗಿ. ಸರಿ. ಅದರಲ್ಲಿ ಒಂದೆರಡು ಎಳೆಯದರಲ್ಲೇ ಸಾಯುತ್ತವೆ. ಗಿಡುಗ ಇದೆ, ಚಿರತೆ ಇದೆ, ಕಾಯಿಲೆ ಇದೆ. ಉಳಿದವುಗಳಲ್ಲಿ ಅರ್ಧ ಗಂಡು. ಅಂದರೆ ಒಂದು ತಾಯಿ ತನ್ನ ಇಡೀ ಬಾಳಿನಲ್ಲಿ ಕಾಡಿಗೆ ಕೊಡುವುದು ಒಬ್ಬಳೋ ಇಬ್ಬರೋ ಮಗಳು. ತೋಟದ ಕಂದು ಮಂಗ ಇದಕ್ಕಿಂತ ಬೇಗ ಶುರುಮಾಡುತ್ತದೆ, ಹೆಚ್ಚುಕಡಿಮೆ ವರ್ಷಕ್ಕೊಂದು ಮರಿ ಹಾಕುತ್ತದೆ. ಅದನ್ನು ಎಷ್ಟು ಓಡಿಸಿದರೂ ಮತ್ತೆ ಬರುವುದಕ್ಕೂ, ಇದು ಒಂದು ಕಡೆ ಅಳಿದರೆ ಮತ್ತೆ ಕಾಣದಿರುವುದಕ್ಕೂ ಕಾರಣ ಈ ಲೆಕ್ಕದಲ್ಲೇ ಇದೆ.

ಅದಕ್ಕೇ ಕೋವಿ ಇದಕ್ಕೆ ಬಲು ಕೆಟ್ಟದ್ದು. ಮಾಂಸಕ್ಕಾಗಿ ಬೇಟೆಯಾಡಿದ ಕಡೆಗಳಲ್ಲಿ ಕಾಡು ಹಾಗೇ ಇದ್ದರೂ ಸಿಂಗಳೀಕ ಇಲ್ಲ. ಕೊಡಗಿನ ಕಡೆ ಈಗ ಉಳಿದಿರುವುದು ಕೆಲವೇ ಗುಂಪು. ದಕ್ಷಿಣದಲ್ಲಿ ಇನ್ನೊಂದು ಗ್ರಹಚಾರ: ನೀಲಗಿರಿಯ ಕರಿ ಮುಸುವದ ಮಾಂಸ ಔಷಧಿ ಎಂಬ ನಂಬಿಕೆ ಇತ್ತು. ದೂರದಿಂದ ಇದೂ ಕರಿ, ಅದೂ ಕರಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ಕಾಯ್ದೆಯ ಮಾತು ಇಷ್ಟು ಸಾಕು.

ಕಾಡು ಹೋದದ್ದು ಹೇಗೆ ಅನ್ನುವುದು ದೊಡ್ಡ ಕಥೆ. ಬ್ರಿಟಿಷರ ಕಾಲದಲ್ಲಿ ಆನೈಮಲೈನಲ್ಲಿ ಚಹಾ, ಕಾಫಿ ಬಂತು. ನಮ್ಮಲ್ಲಿ ಸಾಗವಾನಿ ನೆಟ್ಟರು. ಆಮೇಲೆ ನೀರು ಬಂತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರುಗಳ ನೆನಪು ಇಲ್ಲಿ ಎಷ್ಟೋ ಮನೆಯಲ್ಲಿ ಇನ್ನೂ ಹಸಿಯಾಗಿದೆ. ಕಾನೂ ಜೊತೆಗೇ ಮುಳುಗಿತು. ಮುಂದೆ ಗೇರುಸೊಪ್ಪೆಯ ಅಣೆಕಟ್ಟೂ ಆಯಿತು. ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ಕಡಿಯಲು ಬಿಟ್ಟ ಕಾಡಿನ, ವಿಷಯ ಹೇಳಿದರೆ ನೀವು ಬೈಯಬಾರದು. ತೋಟಕ್ಕೆ ಬೆಟ್ಟ ಬೇಕು, ಅದು ನನಗೂ ಗೊತ್ತು, ನಮ್ಮ ಮನೆಯ ತೋಟಕ್ಕೂ ಬೆಟ್ಟ ಇದೆ. ಆದರೆ ವರ್ಷವರ್ಷ ಸೊಪ್ಪು ಕಡಿದ ಮರ ಕೊಡೆಯ ಹಾಗೆ ಹರಡುವುದಿಲ್ಲ, ಕಂಬದ ಹಾಗೆ ನಿಲ್ಲುತ್ತದೆ. ಕಂಬದಿಂದ ಕಂಬಕ್ಕೆ ಸಿಂಗಳೀಕ ಹಾರುವುದಿಲ್ಲ. ನಕ್ಷೆಯಲ್ಲಿ ಹಸಿರು ಬಣ್ಣವೇ ಇರುತ್ತದೆ, ಮೇಲಿನ ದಾರಿ ಮಾತ್ರ ಕಡಿದಿರುತ್ತದೆ.

ಇಷ್ಟಾದರೂ ನಮ್ಮ ಸೀಮೆಯಲ್ಲಿ ಉಳಿದಿದೆಯಲ್ಲ, ಅದೇ ಆಶ್ಚರ್ಯ. ಬಹಳ ಕಾಲ ಹೊರಗಿನವರಿಗೆ ಇದರ ಅಂದಾಜೇ ಇರಲಿಲ್ಲ. ಎಚ್. ಎನ್. ಕುಮಾರ, ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಜೊತೆಯವರು 2000ದ ನಂತರ ಸಿರಸಿ ಹೊನ್ನಾವರದ ಕಾಡುಗಳನ್ನು ಕಾಲಲ್ಲಿ ಅಳೆದು ಎಣಿಸಿದಾಗ 32 ಗುಂಪು, 638 ಸಿಂಗಳೀಕ ಲೆಕ್ಕಕ್ಕೆ ಸಿಕ್ಕವು. ಸಂರಕ್ಷಿತ ಅಂತ ಬೋರ್ಡು ಹಾಕಿದ ಕಾಡಲ್ಲ ಅದು, ಜನ ಓಡಾಡುವ ಮೀಸಲು ಅರಣ್ಯ. ಜಗತ್ತಿನ ಸಿಂಗಳೀಕಗಳಲ್ಲಿ ಆರರಲ್ಲಿ ಒಂದು ಪಾಲು ಹತ್ತಿರ ಹತ್ತಿರ ನಮ್ಮ ಅಘನಾಶಿನಿ, ಶರಾವತಿ ಕೊಳ್ಳದಲ್ಲೇ ಇದೆ. ಉತ್ತರದ ಗಡಿಯೂ ಇದೇ.

ಅದರ ಮೇಲೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಆಯಿತು, ಸುಮಾರು 300 ಚದರ ಕಿಲೋಮೀಟರು. 2019ರಲ್ಲಿ ಅದನ್ನು ಶರಾವತಿ ಅಭಯಾರಣ್ಯದ ಜೊತೆ ಸೇರಿಸಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಈಗ ಅದೇ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಗಲಾಟೆ. ಬೇಡಿಕೆ ಕಡಿಮೆ ಇದ್ದಾಗ ಕರೆಂಟು ಖರ್ಚು ಮಾಡಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಜಾಸ್ತಿ ಇದ್ದಾಗ ಅದನ್ನೇ ಇಳಿಸಿ ಕರೆಂಟು ತೆಗೆಯುವುದು. ಹೆಚ್ಚಿನ ಕೆಲಸ ನೆಲದೊಳಗೆ, ಸುರಂಗದಲ್ಲಿ, ಅನ್ನುತ್ತಾರೆ. ಸುರಂಗದ ಬಾಯಿಗೆ ಹೋಗುವ ರಸ್ತೆ ನೆಲದ ಮೇಲೆಯೇ ಇರಬೇಕಲ್ಲ? ಮಣ್ಣು ಸುರಿಯುವ ಜಾಗವೂ, ತಂತಿ ಎಳೆಯುವ ದಾರಿಯೂ ನೆಲದ ಮೇಲೆಯೇ. ನನ್ನ ಮಟ್ಟಿಗೆ ಹೇಳುವುದಾದರೆ, ಸಿಂಗಳೀಕಕ್ಕೆ ಮುಳುಗಡೆಯಷ್ಟೇ ಕೆಟ್ಟದ್ದು ರಸ್ತೆ. ಮುಳುಗಡೆ ಕಾಡನ್ನು ತಿನ್ನುತ್ತದೆ, ರಸ್ತೆ ಕಾಡನ್ನು ಸೀಳುತ್ತದೆ.

ಈ ಪ್ರಾಣಿಯ ಹೆಸರಲ್ಲಿ ಒಂದು ಅಣೆಕಟ್ಟು ಕಟ್ಟುವುದೇ ನಿಂತುಹೋದದ್ದೂ ಉಂಟು. ಕೇರಳದ ಸೈಲೆಂಟ್ ವ್ಯಾಲಿ. ಕುಂತಿಪುಳ ನದಿಗೆ ಅಡ್ಡ ಕಟ್ಟಬೇಕೆಂದಿದ್ದ ಯೋಜನೆಗೆ 1973ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಜನರಿಗೆ ವಿಜ್ಞಾನ ಮುಟ್ಟಿಸುವ ಕೇರಳದ ಶಾಸ್ತ್ರ ಸಾಹಿತ್ಯ ಪರಿಷತ್ತು, ಕವಯಿತ್ರಿ ಸುಗತಕುಮಾರಿ, ಪಕ್ಷಿತಜ್ಞ ಸಲೀಂ ಅಲಿ ಎಲ್ಲ ಬೇಡ ಅಂದರು. ಕೆಲವರು ಒಂದು ಮಂಗಕ್ಕಾಗಿ ಇಷ್ಟೆಲ್ಲವೇ ಅಂತ ನಕ್ಕರು. ಹತ್ತು ವರ್ಷ ಎಳೆದಾಡಿ ಕೊನೆಗೆ ಯೋಜನೆ ಕೈಬಿಟ್ಟರು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯಿತು. ಅದರ ಬಗ್ಗೆ ಎಲ್ಲರೂ ಬೇಕಾದಷ್ಟು ಮಾತಾಡಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಉಪ್ಪಾಗೆಯ ಮಾತಿಗೆ. ಇಲ್ಲಿ ಕೂತ ಅರ್ಧ ಜನರ ಕಾಲೇಜು ಫೀಸು ಉಪ್ಪಾಗೆಯಿಂದ ಬಂದದ್ದು. ಮೊದಲು ಅದು ಮನೆಯ ಹುಳಿ, ಬೀಜದ ತುಪ್ಪ, ಅಷ್ಟಕ್ಕೇ. ತೊಂಬತ್ತರ ದಶಕದಲ್ಲಿ ಅಮೆರಿಕದವರು ಬೊಜ್ಜು ಇಳಿಸುವ ಗುಳಿಗೆಗೆ ಇದರ ಸಿಪ್ಪೆ ಬೇಕೆಂದರು. ಸಿಪ್ಪೆಯ ದರ ಏರಿದ್ದೇ ಏರಿದ್ದು. ನನಗಿಂತ ಮೊದಲು ಪಕ್ಕದ ಮನೆಯವನು ಕೊಯ್ದರೆ ಅಂತ ಬಲಿಯುವ ಮೊದಲೇ ಕೊಯ್ದರು. ಹತ್ತಲಾಗದ ಕೊಂಬೆಯನ್ನು ಕಡಿದರು. ಮಳೆಗಾಲದ ನಡುವೆ ಆ ಸಿಪ್ಪೆ ಒಣಗಿಸಲು ಅಟ್ಟದ ಕೆಳಗೆ ರಾತ್ರಿ ಹಗಲು ಬೆಂಕಿ. ಆ ಬೆಂಕಿಗೆ ಮತ್ತೆ ಕಾಡಿನ ಕಟ್ಟಿಗೆ.

ಆಷಾಢದಲ್ಲಿ ಸಿಂಗಳೀಕಕ್ಕೂ ಅದೇ ಹಣ್ಣು ಬೇಕು. ಒಂದೇ ಮರದ ಎದುರು ನಾವೂ ಅದೂ ಕ್ಯೂ ನಿಂತಿದ್ದೇವೆ. ಉಪ್ಪಾಗೆ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಊಟಕ್ಕೆ ಕರೆಯುವುದಿಲ್ಲ ನೀವು. ಆದರೆ ನಿಮ್ಮಲ್ಲೇ ಕೆಲವರು ಮಾಡುತ್ತಿರುವುದನ್ನು ಎಲ್ಲರೂ ಮಾಡಬಹುದು. ಹಣ್ಣಾದ ಮೇಲೆ ಕೊಯ್ಯುವುದು. ಕೊಂಬೆ ಕಡಿಯದೆ ದೋಟಿ ಬಳಸುವುದು. ತುದಿಯಲ್ಲಿ ಕೈಗೆಟುಕದ್ದನ್ನು ಬಿಡುವುದು. ಕಡಿಮೆ ಕಟ್ಟಿಗೆ ತಿನ್ನುವ ಒಲೆ ಹಾಕಿಸಿಕೊಳ್ಳುವುದು. ಹಣ್ಣಾದ ಉಪ್ಪಾಗೆಯ ಸಿಪ್ಪೆ ದಪ್ಪ, ತೂಕವೂ ಜಾಸ್ತಿ. ಹಾಗಾಗಿ ಇದು ಧರ್ಮದ ಮಾತೂ ಅಲ್ಲ, ವ್ಯಾಪಾರದ ಮಾತೇ.

ಇನ್ನು ಬಿಸ್ಕತ್ತು. ಇದರಲ್ಲಿ ನನ್ನದೂ ತಪ್ಪಿದೆ. ಕಾಲೇಜಿನ ದಿನಗಳಲ್ಲಿ ಗೆಳೆಯರ ಜೊತೆ ಬೈಕಿನಲ್ಲಿ ಘಾಟಿ ಇಳಿಯುವಾಗ ರಸ್ತೆಬದಿಯ ಕೊಂಬೆಯಲ್ಲಿ ಸಿಂಗಳೀಕ ಕಂಡಿತು. ಫೋಟೋ ಬೇಕು, ಅದು ಇಳಿಯುತ್ತಿಲ್ಲ. ಒಂದು ಪೊಟ್ಟಣ ಬಿಸ್ಕತ್ತು ರಸ್ತೆಯ ಮೇಲೆ ಎಸೆದೆ. ಸ್ವಲ್ಪ ಹೊತ್ತು ನೋಡಿತು. ಆಮೇಲೆ ಇಳಿಯಿತು. ನೆಲದ ಮೇಲೆ ಅದರ ನಡಿಗೆ ನೋಡಬೇಕಿತ್ತು ನೀವು, ಬಿಸಿ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯುವವರ ಹಾಗೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಿತ್ತು. ತಿರುವಿನಲ್ಲಿ ಲಾರಿ ಹಾರ್ನ್ ಹಾಕಿತು. ಬಿಸ್ಕತ್ತು ಬಿಟ್ಟು ಮರ ಹತ್ತಿತು, ಅವತ್ತು ಏನೂ ಆಗಲಿಲ್ಲ. ಫೋಟೋ ಚೆನ್ನಾಗಿ ಬಂತು. ಎಷ್ಟೋ ವರ್ಷ ಅದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಈಗ ತೋರಿಸುವುದಿಲ್ಲ.

ಬಿಸ್ಕತ್ತು ಎಲ್ಲಿಗೆ ಮುಟ್ಟಿಸುತ್ತದೆ ಅಂತ ನೋಡಬೇಕಾದರೆ ತಮಿಳುನಾಡಿನ ವಾಲ್ಪಾರೈಗೆ ಹೋಗಿ. ಚಹಾ ತೋಟಗಳ ನಡುವೆ ಪುದುತೋಟ್ಟಂ ಅಂತ ಒಂದು ಚೂರು ಕಾಡು. ಒಂದು ಚದರ ಕಿಲೋಮೀಟರೂ ಇಲ್ಲ. ಅದರಲ್ಲಿ ನೂರಕ್ಕೂ ಹೆಚ್ಚು ಸಿಂಗಳೀಕ! ಗಂಡುಗಳು ಹೊರಗೆ ಹೋಗಲು ದಾರಿ ಇಲ್ಲ, ಸುತ್ತ ಸೊಂಟದೆತ್ತರದ ಚಹಾ. ಹಾಗಾಗಿ ಅಲ್ಲೇ ಬೆಳೆದು ಅಲ್ಲೇ ತುಂಬಿಕೊಂಡಿವೆ. ಕಾಡಿನ ಹಣ್ಣು ಸಾಲದಾದಾಗ ನೆಲಕ್ಕೆ ಇಳಿದವು, ಕಸದ ತೊಟ್ಟಿ ಕಂಡವು, ಕಾರ್ಮಿಕರ ಮನೆಯ ಅಡುಗೆಮನೆ ಕಂಡವು. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ, ಕರೆಂಟಿನ ತಂತಿ ಹಿಡಿದು ಸತ್ತಿವೆ. ಅಲ್ಲಿ ಕೆಲಸ ಮಾಡುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಅರಣ್ಯ ಇಲಾಖೆಯ ಜೊತೆ ಸೇರಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಸೇತುವೆ ಅಂದರೆ ದೊಡ್ಡದೇನೂ ಅಲ್ಲ, ಬೆಂಕಿ ಆರಿಸುವವರ ಹಳೆಯ ಕ್ಯಾನ್ವಾಸ್ ಪೈಪನ್ನು ಎಳೆದು ಬಿಗಿದದ್ದು. ಮರಿಯನ್ನು ಹೊಟ್ಟೆಗೆ ಅವುಚಿಕೊಂಡ ತಾಯಿ ಆ ಪೈಪಿನ ಮೇಲೆ ದಾಟುತ್ತದೆ, ಕೆಳಗೆ ಬಸ್ಸು ಹೋಗುತ್ತದೆ. ರಸ್ತೆಯಲ್ಲಿ ನಿಂತು ಗಾಡಿ ನಿಧಾನ ಮಾಡಿಸುವ ಕಾವಲುಗಾರರೂ ಇದ್ದಾರೆ, ಅಲ್ಲಿನ ಊರವರೇ.

ಅಂದರೆ ನೋಡಿ, ಅಜ್ಜ ಹೇಳುವ ಮಂಗನ ಕಾಟ ಇದೆಯಲ್ಲ, ಸಿಂಗಳೀಕವೂ ಅದನ್ನು ಕಲಿಯಬಲ್ಲದು. ಮೇಲಿನ ದಾರಿ ಕಡಿದು ಕೆಳಗೆ ಬಿಸ್ಕತ್ತು ಇಟ್ಟರೆ ಸಾಕು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಸಾಕಬಹುದಾ ಅಂತ ಒಬ್ಬರು ಕೇಳಿದರು. ಕೂಡದು, ಜೈಲಿಗೆ ಹೋಗುತ್ತೀರಿ ಅಂದೆ. ಮೈಸೂರು ಮೃಗಾಲಯದಲ್ಲಿ ಇದೆ, ಅಲ್ಲಿ ಹೋಗಿ ನೋಡಿ. ಕೆಎಫ್‌ಡಿ, ಅಂದರೆ ಮಂಗನ ಕಾಯಿಲೆಯ ಬಗ್ಗೆಯೂ ಕೇಳಿದರು. ಅದರಲ್ಲಿ ರಾಶಿಗಟ್ಟಲೆ ಸಾಯುವುದು ಮುಸುವ ಮತ್ತು ಕಂದು ಮಂಗ. ಸತ್ತ ಮಂಗ ಯಾವುದೇ ಆಗಲಿ, ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ ಅಂದೆ.

ಕೊನೆಗೆ ಎದುರು ಸಾಲಿನಲ್ಲಿ ಕೂತಿದ್ದ ಸಣ್ಣ ಹುಡುಗ ಎದ್ದು ನಿಂತ. "ಸರ್, ಅದು ನೆಲಕ್ಕೇ ಇಳಿಯೋದಿಲ್ಲ ಅಂದ್ರಿ. ಹಂಗಾದ್ರೆ ಬೇಸಿಗೆಯಲ್ಲಿ ನೀರು ಎಲ್ಲಿ ಕುಡೀತದೆ?"

ಇಡೀ ಮಾತಿನಲ್ಲಿ ನಾನು ನೀರಿನ ವಿಷಯ ಎತ್ತಿರಲೇ ಇಲ್ಲ. ಹಳೆಯ ದೊಡ್ಡ ಮರಗಳಲ್ಲಿ ಕೊಂಬೆ ಮುರಿದ ಕಡೆ ಪೊಟರೆ ಆಗುತ್ತದಲ್ಲ, ಅದರಲ್ಲಿ ಮಳೆನೀರು ನಿಂತಿರುತ್ತದೆ ಅಂದೆ. ಬಾಯಿ ಹಿಡಿಸುವಷ್ಟು ದೊಡ್ಡದಿದ್ದರೆ ಬಗ್ಗಿ ಕುಡಿಯುತ್ತದೆ. ಇಲ್ಲದಿದ್ದರೆ ಕೈ ಇಳಿಬಿಟ್ಟು ಅದ್ದಿ, ಬೆರಳಿನಿಂದ ಇಳಿಯುವ ನೀರನ್ನು ನೆಕ್ಕುತ್ತದೆ. ಬೆಳಿಗ್ಗೆ ಎಲೆಯ ಮೇಲಿನ ಇಬ್ಬನಿಯೂ ಇದೆ. ಹುಡುಗ ಅಲ್ಲೇ ನಿಂತು ತನ್ನ ಕೈಯನ್ನು ಕೆಳಗೆ ಇಳಿಬಿಟ್ಟು, ಮೇಲೆತ್ತಿ, ಬೆರಳು ನೆಕ್ಕಿ ನೋಡಿದ. "ಸಣ್ಣ ಮರದಲ್ಲಿ ಪೊಟರೆ ಇರೋದಿಲ್ಲ ಅಲ್ವಾ ಸರ್?" ಅಂದ.

ಇರುವುದಿಲ್ಲ ಅಂದೆ. ಅಷ್ಟರಲ್ಲಿ ಚಹಾ ಬಂತು.